ಅಕ್ಷ ಆರಂಭವಾಗುವ ವರ್ಷ

ಶಿಡ್ಲಘಟ್ಟ,
೮ ಡಿಸೆಂಬರ್ ೨೦೨೪

ಪ್ರೀತಿಯ ಹರಿತಾ,

ನಿನ್ನ ಹಳೆಯ ಕನ್ನಡ ಮೇಷ್ಟರ ಆಶೀರ್ವಾದಗಳು. ಕಳೆದ ಪತ್ರದಲ್ಲಿ ನಾನೊಂದು ತಪ್ಪು ಮಾಡಿದೆ. ಮೊದಲು ಅದಕ್ಕೆ ಕ್ಷಮೆ ಕೋರುತ್ತೇನೆ. ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ, ಹತ್ತನೆಯ ತರಗತಿಯಲ್ಲಿ ಓದಿದ ಹೆಣ್ಣುಮಕ್ಕಳ ಸಂಖ್ಯೆಯನ್ನು ವರ್ಷವಾರು ತೋರಿಸುವ ನಕ್ಷೆಯನ್ನು ನೀನು ಚಿಂತಾಮಣಿಯಲ್ಲಿ ಕುಳಿತು ಲೇಟೆಕ್ ಎಂಬ ತಂತ್ರಾಂಶದಲ್ಲಿ ರಚಿಸುತ್ತಿರುವೆ. ೧೯೭೪ರಲ್ಲಿ ಒಬ್ಬಳೇ, ಆಮೇಲೆ ೧೯೮೧ರವರೆಗೆ ಯಾರೂ ಇಲ್ಲ, ಆ ವರ್ಷ ಒಮ್ಮೆಲೇ ಐವರು. "ಸರ್, ಆ ಒಂದ್ ಚುಕ್ಕಿ ಮೂಲೇಲಿ ಇಂಕ್ ಚೆಲ್ಲಿದಂಗಿದೆ, ತೆಗೆದ್ಬಿಡ್ಲಾ?" ಎಂದು ನೀನು ದೂರವಾಣಿಯಲ್ಲಿ ಕೇಳಿದೆ. ನಾನು ಅಂದಕ್ಕೆ ಮರುಳಾಗಿ, ಅಕ್ಷವನ್ನು ೧೯೮೧ರಿಂದಲೇ ಆರಂಭಿಸೆಂದು ಬರೆದೆ.

ಆ ಚುಕ್ಕಿ ನನ್ನ ಅಕ್ಕ ಕಹಕಶಾನ್.

ಮೊನ್ನೆ ಗೌರಿಬಿದನೂರಿನಿಂದ ಬಂದವಳು ಕರಡನ್ನು ಕನ್ನಡಕದ ಹತ್ತಿರ ಹಿಡಿದು, ಬೆರಳಾಡಿಸುತ್ತಾ ತನ್ನನ್ನು ಹುಡುಕಿದಳು. ಉರ್ದುವಿನಲ್ಲಿ ಬೈದರೆ ನನಗೆ ತಟ್ಟದೆಂಬುದು ಅವಳ ಹಳೆಯ ಹಾಸ್ಯ, ಆದ್ದರಿಂದ ಕನ್ನಡದಲ್ಲೇ ಕೇಳಿದಳು: "ಏನಪ್ಪ ಪಂಡಿತ, ಖಾಲಿ ಜಾಗ ಚೆನ್ನಾಗಿ ಕಾಣಲ್ಲ ಅಂತ ನನ್ನೇ ಎತ್ತಿ ಬಿಸಾಕ್ದ್ಯಾ?" ನಕ್ಕಳು. ಹಾಳೆಯನ್ನು ಹಿಂದಿರುಗಿಸುವಾಗ ಆ ನಗು ಉಳಿದಿರಲಿಲ್ಲ. ಸಂಚಿಕೆ ಬಿಡುಗಡೆಯಾಗುವ ಜನವರಿಯ ಸಮಾರಂಭಕ್ಕೆ ಬರುವುದಿಲ್ಲವೆಂದಳು.

ನಾವಿಬ್ಬರೂ ಒಂದೇ ತರಗತಿಯಲ್ಲಿದ್ದೆವು. ಮುಂದಿನ ಬೆಂಚಿನಲ್ಲಿ ಅವಳೊಬ್ಬಳೇ. ಗಣಿತದ ಮುನಿಶಾಮಪ್ಪ ಮೇಷ್ಟರು ಹಿಪ್ಪುನೇರಳೆಯ ಕಡ್ಡಿಯಿಂದ ಅಂಗಳದಲ್ಲಿ ಅಕ್ಷಗಳನ್ನು ಗೀರಿ, ನಮ್ಮನ್ನೇ ಬಿಂದುಗಳಾಗಿ ನಿಲ್ಲಿಸುತ್ತಿದ್ದರು. "ಜಾಗ ಎಷ್ಟಿದೆ ನೋಡ್ರಪ್ಪ, ಅದ್ರಲ್ಲಿ ಎಷ್ಟನ್ನ ಕೂರಿಸ್ಬೇಕು ನೋಡಿ, ಭಾಗಿಸಿ. ಅಷ್ಟೇ ಕಣ್ರೋ!" ಹುಡುಗರು ನಾಚಿ ದೂರ ಸರಿದರೆ, "ಕಹಕಶಾನಮ್ಮ, ನೀನು ಅಲ್ಲಾಡ್ಬೇಡಮ್ಮ, ಅವ್ರೇ ಬರ್ತಾರೆ" ಎನ್ನುತ್ತಿದ್ದರು. ಬೆಳಗಿನ ಬಿಸಿಲಿನಲ್ಲಿ ಅವಳ ಜಡೆಯ ನೆರಳು ಅಕ್ಷವನ್ನು ದಾಟಿ ಮಲಗಿರುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮೇಷ್ಟರ ವಿಧಾನವೇ ಲೇಟೆಕ್‌ಗೂ ಸಾಕು. ಅಕ್ಷವು ೧೯೭೨ರಿಂದ ೨೦೨೪ರವರೆಗೆ ಇರಲಿ: ಐವತ್ತೆರಡು ವರ್ಷ. ಪುಟದಲ್ಲಿ ನಮಗಿರುವ ಅಗಲ ಹದಿಮೂರು ಸೆಂಟಿಮೀಟರ್. ಅಂದರೆ ವರ್ಷಕ್ಕೆ ಕಾಲು ಸೆಂಟಿಮೀಟರ್. ಪ್ರತಿ ವರ್ಷದಿಂದಲೂ ೧೯೭೨ನ್ನು ಕಳೆದು ೦.೨೫ರಿಂದ ಗುಣಿಸು. ವರ್ಷವನ್ನೇ ನೇರವಾಗಿ ಕೊಟ್ಟರೆ ಅಳತೆ ಮೀರಿತೆಂದು ಲೇಟೆಕ್ ಹಟ ಹಿಡಿಯುತ್ತದೆ. ಎತ್ತರದಲ್ಲಿ ಒಬ್ಬಳಿಗೆ ಒಂದು ಮಿಲಿಮೀಟರ್. ಆಗ ಅಕ್ಕ (೦.೫, ೦.೧)ರಲ್ಲಿ, ಮೂಲೆಯಿಂದ ಬಿಡಿಸಿಕೊಂಡು ನಿಲ್ಲುತ್ತಾಳೆ. ಚುಕ್ಕಿಯ ತ್ರಿಜ್ಯ ಅರ್ಧ ಮಿಲಿಮೀಟರನ್ನು ಮೀರದಿರಲಿ. ಅಕ್ಷದ ಗೆರೆ ಅವಳನ್ನು ನುಂಗಬಾರದು.

ತಿದ್ದಿದ ಕರಡನ್ನು ಬೇಗ ಕಳುಹಿಸು. ನಾನೇ ಗೌರಿಬಿದನೂರಿಗೆ ಒಯ್ದು ಅವಳನ್ನು ಕರೆಯಬೇಕು.

ಇಂತು ನಿನ್ನ ಹಿತೈಷಿ,
ಬಷೀರ್ ಅಹಮದ್

ಬರೆಯಲು ಉಳಿದದ್ದು: ತಿದ್ದಬೇಕಾದ ವರ್ಷಗಳು ಇವು.

ಅಕ್ಷದ ಆರಂಭ: ೧೯೮೧ ಅಲ್ಲ, ೧೯೭೨.

ಮೊದಲ ವಿದ್ಯಾರ್ಥಿನಿ: ೧೯೮೧ ಅಲ್ಲ, ೧೯೭೪.

೧೯೭೫ರಿಂದ ೧೯೮೦: ಖಾಲಿ ಎಂದು ಬರೆದಿದ್ದೆ. ಆಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ; ನಿಜ ತಿಳಿದದ್ದು ಮೊನ್ನೆ, ಅಕ್ಕನನ್ನು ಬಸ್ಸು ಹತ್ತಿಸುವಾಗ. ನಮ್ಮ ಮನೆಯ ರೇಷ್ಮೆ ನೂಲು ಬಿಚ್ಚುವ ಕೊಠಡಿಯಲ್ಲಿ ಅವಳು ಐವರು ಹುಡುಗಿಯರಿಗೆ ಪಾಠ ಹೇಳಿದ ವರ್ಷಗಳವು. ೧೯೮೧ರ ಐವರು ಅವರೇ. ಆ ಜಾಗವನ್ನು ಕುಗ್ಗಿಸಬೇಡ.