ಹತ್ತು ಹೆಜ್ಜೆಯ ರೈಲು

ಕೆಂಗಟ್ಟಿ, 30ನೇ ಫೆಬ್ರವರಿ 2171

ಕೆಂಗಟ್ಟಿ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ, ನನ್ನ ಮುತ್ತಜ್ಜಿಯ ಅಜ್ಜಿ ಕಾಶವ್ವ ಹಡಪದ ಅವರಿಗೆ ನೀಲಾಂಬಿಕೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಇಟ್ಟುಕೊಂಡಿದ್ದೇವೆ. ಈ ಕಾಗದ ನಿಮ್ಮ ಕೈಗೆ ಹೇಗೆ ಬಂತೆಂದೂ ಕೇಳಬೇಡಿ, ಅದು ನನಗೂ ಪೂರ್ತಿ ತಿಳಿಯದು. ನಿಮಗೆ ಗೊತ್ತಿಲ್ಲದ ಪದಗಳು ನಡುವೆ ಬಂದರೆ ಕ್ಷಮಿಸಿ. ಸಿಟ್ಟು ಕಂಡರೆ ಮಾತ್ರ ಕ್ಷಮಿಸಬೇಕಾಗಿಲ್ಲ. ಅದು ಬೇಕೆಂದೇ ಬರೆದದ್ದು.

ಮುಂದಿನ ಗುರುವಾರ ನಿಮ್ಮ ಸಭೆಯ ಮುಂದೆ ಒಂದು ವಿಷಯ ಬರುತ್ತದೆ. ನಿಲ್ದಾಣದ ಗೂಡ್ಸ್ ಶೆಡ್ಡಿನ ಹಿಂದೆ, ರೈಲ್ವೆ ಜಾಗದಲ್ಲಿ, ಒಂದು ಕಂಪನಿ ಸುತ್ತಲಿನ ಪಟ್ಟಣಗಳ ಕಸವನ್ನು ತಂದು ವ್ಯಾಗನ್ನಿಗೆ ತುಂಬುವ ಯಾರ್ಡು ಹಾಕಲಿದೆ. ನೀವು ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಅದು ರೈಲ್ವೆದವ್ರ ಜಾಗಾ. ನಮಗ್ಯಾಕ ಆ ಉಸಾಬರಿ?" ಎಂದು ಎದ್ದು ಹೋಗುತ್ತೀರಿ. ಐದು ತಲೆಮಾರಿನಿಂದ ನಮ್ಮ ಮನೆಯಲ್ಲಿ ಈ ಮಾತನ್ನು ಹೇಳಿಕೊಂಡು ಬಂದಿದ್ದೇವೆ. ಮೊದಮೊದಲು ತಮಾಷೆಗೆ ಹೇಳುತ್ತಿದ್ದರಂತೆ.

ರೈಲು ನಿಂತು ಅರವತ್ತು ವರ್ಷವಾಯಿತು. ಹಳಿ ಕಿತ್ತು ಮಾರಿದರು, ಆ ದಾರಿಯ ತುಂಬ ಈಗ ಬೇವಿನ ಮರಗಳಿವೆ. ಕಸ ಮಾತ್ರ ನಿಲ್ಲಲಿಲ್ಲ, ಅದು ಲಾರಿಯಲ್ಲಿ ಬರುತ್ತದೆ, ಯಾರ್ಡಿನಲ್ಲೇ ಗುಡ್ಡೆ ಬೀಳುತ್ತದೆ. ಅಲ್ಲಿ ಹತ್ತು ಹೆಜ್ಜೆ ಉದ್ದದ ಹಳಿಯನ್ನೂ ಅದರ ಮೇಲೊಂದು ತುಕ್ಕು ಹಿಡಿದ ವ್ಯಾಗನ್ನನ್ನೂ ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ತಿಂಗಳಿಗೊಮ್ಮೆ ಆಳು ಹಚ್ಚಿ ಅದನ್ನು ಅತ್ತ ನೂಕಿ, ಇತ್ತ ನೂಕುತ್ತಾರೆ. ಇದಕ್ಕೆ ನಾವು 'ಜರುಗು' ಎನ್ನುತ್ತೇವೆ. ಗಾಲಿ ಉರುಳಿತೆಂದರೆ ಅದು ರೈಲ್ವೆ, ರೈಲ್ವೆ ಎಂದಮೇಲೆ ಊರಿನ ಕಾನೂನು ಗೇಟಿನ ಹೊರಗೆ. ಎಂಥ ನಾಚಿಕೆಗೇಡು! ಹಸಿರು ಬಾವುಟ ಬೀಸುವುದಕ್ಕೂ ಒಬ್ಬ ಸಂಬಳದವನಿದ್ದಾನೆ.

ಸಂಜೆ ಗಾಳಿ ಯಾರ್ಡಿನ ಕಡೆಯಿಂದ ತಿರುಗುವ ವೇಳೆಗೆ ನಮ್ಮಲ್ಲಿ 'ಮೂಗುಹೊತ್ತು' ಎಂದು ಹೆಸರು. ಪಂಚಾಂಗದಲ್ಲಿ ರಾಹುಕಾಲದ ಪಕ್ಕದಲ್ಲೇ ಅದನ್ನೂ ಅಚ್ಚು ಹಾಕುತ್ತಾರೆ. ಆಗ ಕಿಟಕಿ ಮುಚ್ಚಿಕೊಳ್ಳುತ್ತೇವೆ, ಒಲೆ ಹಚ್ಚುವುದಿಲ್ಲ, ಹೆಣ್ಣು ನೋಡಲು ಬಂದವರನ್ನು ಅದಕ್ಕೆ ಮುಂಚೆಯೇ ಚಹಾ ಕುಡಿಸಿ ಸಾಗಹಾಕುತ್ತೇವೆ. ಇದನ್ನೆಲ್ಲ ಹೇಗೋ ಸಹಿಸಿಕೊಂಡೆವು. ಆದರೆ ನಿಮ್ಮ ಮಾವ ತೋಡಿಸಿದ ಸಿಹಿನೀರಿನ ಬಾವಿ ಯಾರ್ಡಿನ ಗೋಡೆಯ ಈಚೆಗೇ ಇದೆಯಲ್ಲ, ಅದರ ನೀರು ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ಊರಿನ ಬೋರುಗಳೂ ಕೆಟ್ಟವು. ಬಸುರಿಯರು, ಬಾಣಂತಿಯರು ಕೆಂಗಟ್ಟಿಯಲ್ಲಿ ಉಳಿಯಕೂಡದೆಂದು ಈಗ ಆದೇಶವಾಗಿದೆ. ಯಾರ್ಡಿಗೆ ಅನ್ವಯಿಸದ ಕಾನೂನು ಬಸುರಿಯರಿಗೆ ಅನ್ವಯಿಸಿತು ನೋಡಿ. ನನ್ನ ಮಗಳು ಇಂಪನಾ ಈಗ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬರುವಂತಿಲ್ಲ.

ಕಳೆದ ಜರುಗಿನ ದಿನ ಊರ ಹೆಂಗಸರೆಲ್ಲ ಗಂಟುಮೂಟೆ ಕಟ್ಟಿಕೊಂಡು ಯಾರ್ಡಿಗೆ ನುಗ್ಗಿದೆವು. ಪಕ್ಕದ ಮನೆಯ ಹುಸೇನಬಿ ವ್ಯಾಗನ್ನಿನ ಎದುರು ನಿಂತು, "ಇದು ರೈಲಾದ್ರ ನಮಗ ಟಿಕೀಟ ಕೊಡ್ರಿ. ಅಲ್ಲಂದ್ರ ಗಟಾರ ನೋಡಾಕ ನಮ್ಮ ಪಂಚಾಯ್ತಿಯವ್ರನ್ನ ಒಳಗ ಬಿಡ್ರಿ" ಎಂದಳು. ಬಾವುಟದವನು ನಗು ತಡೆಯಲಾರದೆ ಮುಖ ತಿರುಗಿಸಿದ. ಮ್ಯಾನೇಜರ್ ನಗಲಿಲ್ಲ. ಪ್ಲಾಟ್‌ಫಾರ್ಮ್ ಟಿಕೆಟ್ ಇಲ್ಲದೆ ರೈಲ್ವೆ ಜಾಗಕ್ಕೆ ಕಾಲಿಟ್ಟಿರೆಂದು ನಮ್ಮೆಲ್ಲರಿಗೂ ದಂಡ ಹಾಕಿಸಿದ. ಆ ಟಿಕೆಟ್ ಎಲ್ಲಿ ಕೊಡುತ್ತೀರಿ ಎಂದು ಕೇಳಿದರೆ, ಕೌಂಟರ್ ಮುಚ್ಚಿ ಅರವತ್ತು ವರ್ಷವಾಯಿತಂತೆ!

ರೈಲಿನ ಮೇಲೆ ನನಗೆ ಸಿಟ್ಟಿಲ್ಲ. ಗಾಡಿ ಓಡಿಸುವವರು ಊರೂರಿನ ಅಪ್ಪಣೆ ಕೇಳುತ್ತ ಕೂರಲಾಗದು, ಒಪ್ಪಿದೆ. ಕಸ ಸುರಿಯುವವರೂ ಅದೇ ಮಾತಿನ ಹಿಂದೆ ಅಡಗಿಕೊಂಡರೆ ಹೇಗೆ ಸುಮ್ಮನಿರುವುದು? ಗುರುವಾರ ನೀವು ಎದ್ದು ಹೋಗಬೇಡಿ. ಗೇಟಿನೊಳಗೆ ಬಂದು ನೆಲ, ನೀರು, ಗಟಾರ ನೋಡುವ ಹಕ್ಕು, ತಪ್ಪಿದ್ದರೆ ಕೆಲಸ ನಿಲ್ಲಿಸುವ ಹಕ್ಕು ಪಂಚಾಯಿತಿಗಿದೆ ಎಂದು ಠರಾವು ಮಾಡಿಸಿ. ಕಂಪನಿಯವರು ಕೋರ್ಟಿಗೆ ಹೋದರೆ ನೀವೂ ಹೋಗಿ.

ಇಷ್ಟು ಹೊತ್ತು ಅಧ್ಯಕ್ಷೆಗೆ ಬರೆದೆ. ಇನ್ನೆರಡು ಮಾತು ಅಜ್ಜಿಗೆ. ಅಜ್ಜಿ, ನಿನ್ನ ಬಾವಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತಿತ್ತಂತೆ. ಮನೆಗೆ ಬಂದ ಬಾಣಂತಿಯರಿಗೆಲ್ಲ ಅದೇ ನೀರು ಕಾಯಿಸಿ ಎರೆಯುತ್ತಿದ್ದೆಯಂತೆ. ನಾನು ಅದರ ರುಚಿ ನೋಡಿದವಳಲ್ಲ. ಗುರುವಾರ ಹೊರಡುವ ಮುಂಚೆ ಒಂದು ತಂಬಿಗೆ ಸೇದಿ ಕುಡಿ. ಸಭೆ ಮುಗಿಯುವ ತನಕ ಎಲೆಯಡಿಕೆ ಬಾಯಿಗೆ ಹಾಕಬೇಡ.

ನಿನ್ನ ಮೊಮ್ಮಗಳ ಮರಿಮಗಳು,
ನೀಲಾಂಬಿಕೆ