ನಾನು ಮುಟ್ಟದ ಮಾತ್ರೆ

ಶಿಮ್ಕೆಂಟ್,
ಅಕ್ಟೋಬರ್ 9

ನನ್ನ ಮುದ್ದು ಅಮ್ಮಾ,

ನಿನ್ನೆ ಮಾವ ತಾವೇ ಬೀದಿ ಕೊನೆಯ ತಂದೂರಿಗೆ ನಡೆದುಹೋಗಿ ಬಿಸಿ ರೊಟ್ಟಿ ತಂದರು. ದಾರಿಯಲ್ಲಿ ಎಲ್ಲೂ ಕೂರಲಿಲ್ಲ. ನಾನು ಗೇಟಿನಲ್ಲಿ ನಿಂತು ಅತ್ತೇಬಿಟ್ಟೆ. ನಿನ್ನ ಅಳಿಯ ಬೆಕ್ಜಾತ್ ನನ್ನನ್ನು ನೋಡಿ ನಕ್ಕ.

ನಮ್ಮ ಮದುವೆಯಲ್ಲಿ ಅವರು ಸುಣ್ಣದಂತೆ ಬಿಳುಚಿಕೊಂಡಿದ್ದುದು ನಿನಗೆ ನೆನಪಿರಬೇಕು. ಅವರ ಮೂಳೆಯೊಳಗಿನ ಮಜ್ಜೆ ರಕ್ತಕಣಗಳನ್ನು ಮಾಡುತ್ತದೆ, ಆದರೆ ಅವು ಬಲಿಯುವ ಮೊದಲೇ ಸಾಯುತ್ತವೆ. ಅದೇ ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್. ಬೇರೆಯವರ ರಕ್ತ ಹಾಕಿಸಿಕೊಂಡೇ ದಿನ ದೂಡುತ್ತಿದ್ದರು. ರೈಲು ಓಡಿಸಿದವರಲ್ಲವೇ, "ಡೀಸೆಲ್ ತುಂಬಿಸ್ತಾನೇ ಇದೀರಿ, ಗಾಡಿ ಮಾತ್ರ ಹೊರಡ್ತಿಲ್ಲ" ಎನ್ನುತ್ತಿದ್ದರು.

ರಕ್ತ ಹೆಚ್ಚಿಸುವ ಇಂಜೆಕ್ಷನ್ ಫಲ ಕೊಡಲಿಲ್ಲ. ಪ್ರತಿ ತಿಂಗಳೂ ಒಂದು ವಾರ ಚರ್ಮದಡಿ ಚುಚ್ಚುವ ಔಷಧಿ ಇನ್ನೊಂದಿತ್ತು. ಆದರೆ ಮಾವನ ಐದನೇ ಕ್ರೋಮೋಸೋಮಿನಲ್ಲಿ ಒಂದು ತುಣುಕೇ ಇಲ್ಲವಂತೆ, ಅಂಥವರಿಗೆ ಹೆಚ್ಚಾಗಿ ಹಿಡಿಸುವ ಕ್ಯಾಪ್ಸೂಲೇ ಬೇರೆ ಇದೆಯಂತೆ. ಅಮ್ಮಾ, ಕಣ್ಣಿಗೇ ಕಾಣದ ಒಂದು ಚೂರು ಕಳೆದಿದೆ ಎಂದು ಪತ್ತೆಹಚ್ಚಿ, ಅದಕ್ಕೆ ತಕ್ಕ ಔಷಧಿಯನ್ನೂ ಮಾಡಿದವರು ಎಂಥವರಿರಬೇಕು!

ಆ ಕ್ಯಾಪ್ಸೂಲ್ ಶುರುವಾದ ಮೊದಲ ಸಂಜೆ ಮಾವ ನನ್ನ ಮುಂದೆ ಅಂಗೈ ಚಾಚಿದರು. ಈ ಮನೆಯಲ್ಲಿ ಅವರಿಗೆ ಚಹಾದಿಂದ ಹಿಡಿದು ಎಲ್ಲವೂ ಸೊಸೆಯ ಕೈಯಿಂದಲೇ. ನಾನು ಡಬ್ಬಿಯನ್ನು ಮುಟ್ಟದೆ, "ಅತ್ತೆ, ನೀವೇ ಕೊಡಿ" ಎಂದೆ.

"ಚಹಾ ಕೊಡೋ ಕೈಗೆ ಮಾತ್ರೆ ಭಾರವಾಯ್ತೇನಮ್ಮಾ?" ಎಂದರು ಮಾವ.

"ಇಂಗ್ಲಿಷ್ ಓದಿರೋ ಸೊಸೆ, ಕಾಯಿಲೆ ಅಂಟುತ್ತೆ ಅಂತ ಭಯ" ಎಂದು ಅವರ ತಂಗಿ ಚುಚ್ಚಿದರು.

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅತ್ತೆ ನನ್ನನ್ನೇ ನೋಡಿದರು. ಆಸ್ಪತ್ರೆಗೆ ಅವರೂ ಬಂದಿದ್ದರಲ್ಲ. "ಚಹಾ ಆರ್ತಿದೆ, ಸುಮ್ನೆ ಕುಡಿ" ಎಂದು ನಾದಿನಿಯನ್ನು ಗದರಿ, ತಾವೇ ಕ್ಯಾಪ್ಸೂಲ್ ಕೊಟ್ಟರು. ಮರುದಿನದಿಂದ ಅತ್ತೆ ನನಗೆ ನೀರಿನ ಬಕೆಟ್ ಎತ್ತಲು ಬಿಡಲಿಲ್ಲ.

ಮೊದಮೊದಲು ರಕ್ತಕಣಗಳು ಇನ್ನೂ ಇಳಿದು, ಔಷಧಿ ನಿಲ್ಲಿಸಿ ಮತ್ತೆ ಶುರುಮಾಡಿದರು. ನಮಗೆಲ್ಲ ಜೀವವೇ ಹೋದಂತಾಗಿತ್ತು. ಆಮೇಲೆ ಮಾವನ ಉಗುರುಗಳಿಗೆ ಬಣ್ಣ ಬಂತು. ಈ ತಿಂಗಳು ಅವರಿಗೆ ಯಾರ ರಕ್ತವೂ ಬೇಕಾಗಲಿಲ್ಲ. ಕಾಯಿಲೆ ಹೋಗಿಲ್ಲ, ಆದರೆ ಮಜ್ಜೆ ಕೆಲಸಕ್ಕೆ ಮರಳಿದೆ ಎಂದರು ಡಾಕ್ಟರು.

ನಿನ್ನ ಮಗಳು,
ಅಕ್‌ಮಾರಲ್

ಮರೆತೆ: ಆ ಕ್ಯಾಪ್ಸೂಲನ್ನು ಬಸುರಿಯರು ಮುಟ್ಟಲೇಬಾರದು, ಮಗುವಿಗೆ ಅಪಾಯ ಎಂದು ಡಾಕ್ಟರು ಅತ್ತೆಯ ಎದುರೇ ಹೇಳಿದ್ದರು. ದೃಷ್ಟಿಯಾದೀತೆಂದು ನಿನಗೂ ಬರೆದಿರಲಿಲ್ಲ, ಕೋಪಿಸಿಕೊಳ್ಳಬೇಡ. ನನಗೀಗ ಐದು ತಿಂಗಳು. ಬಿಸಿ ರೊಟ್ಟಿಯ ಆಸೆಯೂ ನನ್ನದೇ. ಮಾವ ಮೊದಲ ತುಂಡು ಮುರಿದು ನನ್ನ ಕೈಗಿಟ್ಟು, "ಇಬ್ಬರಿಗೆ ಸಾಕಾಗುತ್ತೋ, ಇನ್ನೊಂದ್ ಸಲ ಹೋಗಿ ಬರ್ಲೋ?" ಎಂದು ಕೇಳಿದರು.