ಮಿನೊಸೆಯ ಇನ್ನೂರ ಹದಿನಾಲ್ಕನೆಯ ಮತ

ಮಿನೊಸೆ,
ನವೆಂಬರ್ 24

ಪ್ರೀತಿಯ ಕಿನು,

ಊರು ಬಿಟ್ಟ ವರ್ಷ ನೀನು ನನಗೊಂದು ಹೊಸವರ್ಷದ ಕಾರ್ಡು ಕಳಿಸಿದ್ದೆ. ಅದಕ್ಕೆ ಉತ್ತರ ಬರೆಯುವುದು ಮೂವತ್ತು ವರ್ಷ ತಡವಾಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯಲು ಹೊರಟರೆ ಮೊದಲು ನಗು ಬರುತ್ತದೆ, ಆಮೇಲೆ ಇನ್ನೇನೋ ಬರುತ್ತದೆ. ಕಾರ್ಡಿನಲ್ಲಿ ನೀನು ಬರೆದದ್ದು ಒಂದೇ ಸಾಲು: ‘ಇಲ್ಲಿ ಹಿಮ ಬೀಳುವುದಿಲ್ಲ.’ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಿನ್ನ ಈಗಿನ ವಿಳಾಸ ಕೊಟ್ಟವರು ನಮ್ಮ ಗುಡಿಯ ಭಿಕ್ಷುಗಳು. ನಿಮ್ಮ ಮನೆಯವರ ಸಮಾಧಿಗೆ ಹೂವಿಡಲು ಹೇಳಿ ಪ್ರತಿ ವರ್ಷ ಕಾಗದ ಬರೆಯುತ್ತೀಯಂತೆ. “ಅಕ್ಷರ ಇನ್ನೂ ಗಟ್ಟಿಯಾಗಿದೆ, ಬದುಕಿದ್ದಾಳೆ ಬಿಡು” ಎಂದರು. ಅದನ್ನು ಕೇಳಿ ಮನೆಗೆ ಬರುವಾಗ ನನ್ನ ಊರುಗೋಲು ನೆಲಕ್ಕೆ ತಾಗಲೇ ಇಲ್ಲವೇನೋ ಅನಿಸಿತು.

ನನ್ನ ಸುದ್ದಿ ಹೇಳುತ್ತೇನೆ. ಸೊಂಟ ಹೋಗಿದೆ, ನಾಲಿಗೆ ಹೋಗಿಲ್ಲ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗ ತೆರುಒ ಪಕ್ಕದ ಪಟ್ಟಣದಲ್ಲಿ ಬಸ್ಸು ಓಡಿಸುತ್ತಾನೆ, ಭಾನುವಾರಕ್ಕೊಮ್ಮೆ ಬಂದು ನನ್ನ ಉಪ್ಪಿನ ಮೂಲಂಗಿಯನ್ನು ಬೈದು, ಎರಡು ಡಬ್ಬಿ ತುಂಬಿಸಿಕೊಂಡು ಹೋಗುತ್ತಾನೆ. ಊರಲ್ಲಿ ಈಗ ಅರವತ್ತು ಜನವೂ ಇಲ್ಲ. ಮಿನೊಸೆ ಗ್ರಾಮ ಎಂಬ ಹೆಸರೇ ಇಲ್ಲ, ಪಟ್ಟಣಕ್ಕೆ ಸೇರಿಸಿಬಿಟ್ಟರು. ಬೆಳಿಗ್ಗೆ ಮಂಜು ಇಳಿದರೆ ಒಣಗಲು ತೂಗುಹಾಕಿದ ಪರ್ಸಿಮನ್ ಹಣ್ಣುಗಳು ಮಾತ್ರ ಕೆಂಪಗೆ ಕಾಣುತ್ತವೆ, ಅವನ್ನು ಕಟ್ಟಿದ ಮನೆಗಳು ಕಾಣುವುದಿಲ್ಲ. ಹಾಗೇ ಕೂತು ನೋಡುತ್ತಿದ್ದರೆ ಸತ್ತವರೂ ಹೋದವರೂ ಒಳಗೇ ಇದ್ದಾರೆ, ಇನ್ನೇನು ಬಾಗಿಲು ಸರಿಸಿ ಹೊರಬರುತ್ತಾರೆ ಅನಿಸುತ್ತದೆ. ಅರ್ಧ ದಿನ ನಾನು ಇರುವುದೇ ಆ ಮಂಜಿನೊಳಗೆ, ಸುಳ್ಳೇಕೆ ಹೇಳಲಿ.

ಅಲ್ಲಿ ನಮ್ಮ ಸಂಸದರು, ಊರೇ ಗುರು ಎಂದು ಕೈಮುಗಿಯುತ್ತಿದ್ದ ಒರಿಹಾರ ಸೆನ್ಸೈ ಕೂಡ ಬರುತ್ತಾರೆ ಕಣೇ. ಅದೇ ಬಿಳಿ ಕೈಗವಸು, ಅದೇ ಕಾರಿನ ಕಿಟಕಿ. ಅವರು ಕೈ ಬೀಸುತ್ತಲೇ ಇರುತ್ತಾರೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ.

ನಾವು ಅವರನ್ನು ಸುಮ್ಮಸುಮ್ಮನೆ ಪ್ರೀತಿಸಲಿಲ್ಲ, ಅದನ್ನು ನೀನೂ ಒಪ್ಪುತ್ತೀಯ. ಸುರಂಗ ಇಲ್ಲದ ಕಾಲದಲ್ಲಿ ಚಳಿಗಾಲದ ನಾಲ್ಕು ತಿಂಗಳು ನಾವು ಈ ಲೋಕದವರೇ ಅಲ್ಲ. ರೋಗಿಗಳನ್ನು ಜಾರುಬಂಡಿಗೆ ಕಟ್ಟಿ ಘಾಟಿ ದಾಟಿಸುತ್ತಿದ್ದೆವು, ಅರ್ಧಕ್ಕರ್ಧ ಜನ ದಾರಿಯಲ್ಲೇ ಹೋಗುತ್ತಿದ್ದರು. ಸೆನ್ಸೈ ಪಾರ್ಲಿಮೆಂಟಿಗೆ ಹೋಗಿ ಬೆಟ್ಟ ಕೊರೆಸಿದರು. ಹೆರಿಗೆಯ ಹೊತ್ತಿಗೆ ತೆರುಒ ಹೊಟ್ಟೆಯಲ್ಲಿ ಅಡ್ಡಲಾಗಿ ನಿಂತಾಗ ಆಂಬುಲೆನ್ಸ್ ಆ ಸುರಂಗದಿಂದಲೇ ಬಂತು. ಇಲ್ಲದಿದ್ದರೆ ಅವನೂ ಇಲ್ಲ, ನಾನೂ ಇಲ್ಲ. ಕೃತಜ್ಞತೆ ತಪ್ಪಲ್ಲ ಎಂದು ಈಗಲೂ ಹೇಳುತ್ತೇನೆ.

ಆದರೆ ಅದು ಯಾವಾಗ ಬೇರೆಯಾಯಿತು ಎಂದು ಯೋಚಿಸುತ್ತೇನೆ. ಅವರ ಫೋಟೊ ಬುದ್ಧನ ಪೀಠದ ಪಕ್ಕಕ್ಕೆ ಬಂದಾಗಲೇ? ಅವರು ಬರುವ ದಿನ ದಾರಿಗೆ ಕಾಣುವಂತೆ ಯಾರೂ ಬಟ್ಟೆ ಒಣಗಿಸಬಾರದೆಂದು ಸೆನ್ಸೈ ಬೆಂಬಲಿಗರ ಮಹಿಳಾ ಘಟಕದ ಅಧ್ಯಕ್ಷೆ ಇವಾಬುಚಿ ಅಕ್ಕ ಮನೆ ಮನೆಗೆ ಹೇಳಿಬಂದಾಗಲೇ? ನಾನೊಮ್ಮೆ ಮೂಲಂಗಿಗೆ ಪತ್ರಿಕೆ ಸುತ್ತಿದ್ದೆ, ಬಿಚ್ಚಿ ನೋಡಿದರೆ ಅದರಲ್ಲಿ ಸೆನ್ಸೈ ಮುಖ. ನಡುಗಿಬಿಟ್ಟೆ. ಆ ಹಾಳೆಯನ್ನು ಒಣಗಿಸಿ, ಇಸ್ತ್ರಿ ಹಾಕಿ, ಪೆಟ್ಟಿಗೆಯಲ್ಲಿಟ್ಟೆ. ಗಂಡ ನೋಡಿ ನಗಲಿಲ್ಲ. ನಗಬೇಕಿತ್ತಲ್ಲವೇ? ಇಸ್ತ್ರಿ ಸರಿಯಾಗಿ ಆಗಿದೆಯಾ ಎಂದು ನೋಡಿದ.

ಕೋರ್ಟು ಅವರು ಲಂಚ ತೆಗೆದುಕೊಂಡಿದ್ದಾರೆಂದು ತೀರ್ಪು ಕೊಟ್ಟ ವಾರ ಮಹಿಳಾ ಘಟಕದ ಸಭೆಯಾಯಿತು, ನೆನಪಿದೆಯೇ? ಎಲ್ಲರೂ ಅಕ್ಕಿಯುಂಡೆ ಕಟ್ಟುತ್ತಿದ್ದೆವು. ನ್ಯಾಯಾಧೀಶರಿಗೆ ಹುಚ್ಚು, ಟೋಕಿಯೊದವರಿಗೆ ಹೊಟ್ಟೆಕಿಚ್ಚು ಎಂದು ಮಾತು ನಡೆದಿತ್ತು. ನೀನು ಕೈಗಂಟಿದ ಅನ್ನ ತೆಗೆಯುತ್ತಾ, “ಅಲ್ಲಾ, ಅವರು ತಗೊಂಡಿದ್ದು ನಿಜಾನಾ?” ಎಂದೆ. ಅಷ್ಟೇ. ಬೈಗುಳವಲ್ಲ, ಆರೋಪವಲ್ಲ. ಹೊರಗೆ ಮಳೆ ಬರುತ್ತಿದೆಯಾ ಎಂದು ಕೇಳುವ ಹಾಗೆ ಕೇಳಿದೆ. ಒಬ್ಬರಾದರೂ ಸಿಟ್ಟಾಗಿದ್ದರೆ ಒಳ್ಳೆಯದಿತ್ತು ಕಿನು. ಯಾರೂ ಸಿಟ್ಟಾಗಲಿಲ್ಲ. ಇವಾಬುಚಿ ಅಕ್ಕ ಮುಗುಳ್ನಕ್ಕು, “ಟೀ ತಣ್ಣಗಾಯ್ತು ನೋಡು, ಕುಡಿ” ಎಂದಳು. ನಾನೂ ಮುಗುಳ್ನಕ್ಕೆ.

ಮರುತಿಂಗಳು ಚುನಾವಣೆ, ತೀರ್ಪಿನ ಮೇಲೆ ಮೇಲ್ಮನವಿ ಹಾಕಿ ಸೆನ್ಸೈ ಮತ್ತೆ ನಿಂತರು. ನಮ್ಮ ಊರಲ್ಲಿ ಅದಕ್ಕೂ ಹಿಂದಿನ ಮೂರು ಸಲ ಒಂದು ಮತವೂ ಬೇರೆ ಕಡೆ ಹೋಗಿರಲಿಲ್ಲ, ಅದೇ ನಮ್ಮ ಹೆಮ್ಮೆ. ಆ ಸಲ ಇನ್ನೂರ ಹದಿನಾಲ್ಕು ಜನ ಚೀಟಿಯಲ್ಲಿ ಹೆಸರು ಬರೆದು ಮತ ಹಾಕಿದೆವು. ಸೆನ್ಸೈಗೆ ಇನ್ನೂರ ಹದಿಮೂರು. ಒಂದು ಅಸಿಂಧು. ಜಿಲ್ಲೆಯಲ್ಲಿ ಅವರು ಸಾವಿರಾರು ಮತಗಳಿಂದ ಗೆದ್ದರು, ನಮಗೆ ಮಾತ್ರ ಕಂಡದ್ದು ಆ ಒಂದೇ. ಎಣಿಕೆಗೆ ಕೂತವರು ಚೀಟಿಯಲ್ಲಿ ಏನಿತ್ತೆಂದು ಕಾನೂನಿಗೆ ಹೆದರಿ ಬಾಯಿ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಎಲ್ಲರ ಕಣ್ಣೂ ನಿನ್ನ ಮೇಲೆ ಹೋಯಿತು.

“ನಾನೂ ಅವರ ಹೆಸರೇ ಬರೆದಿದ್ದು” ಎಂದು ನೀನು ಅಂಗಡಿ ಮುಂದೆ ನಿಂತು ಹೇಳಿದೆ. “ಕೇಳಿದೆ ಅಂದ ಮಾತ್ರಕ್ಕೆ ಬರೆಯಲ್ಲ ಅಂತಾನಾ?” ಎಂದೆ. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ, ಅದನ್ನು ನಿನಗೆ ನೇರವಾಗಿ ಹೇಳುತ್ತಿದ್ದೇನೆ. ಹೆದರಿ ಸುಮ್ಮನಿದ್ದೆ ಎಂದು ಬರೆದರೆ ನನಗೆ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ಹೆದರಿಕೆಯಲ್ಲ, ನಿಜವಾಗಿಯೂ ನಿನ್ನ ಮೇಲೆ ಕೋಪವಿತ್ತು. ನನ್ನ ಮಗನ ಜೀವ ಉಳಿಸಿದವರಿಗೆ ದ್ರೋಹ ಮಾಡಿದಳಲ್ಲ ಎಂದು ಸಂಕಟಪಟ್ಟೆ. ಮನೆಯಿಂದ ಮನೆಗೆ ಹೋಗುವ ಸುತ್ತೋಲೆಯ ಹಲಗೆ ನಿಮ್ಮ ಮನೆ ಬಿಟ್ಟು ಹೋಗತೊಡಗಿತು. ಹಿಮ ಬಿದ್ದಾಗ ನಿಮ್ಮ ಹೊಸ್ತಿಲವರೆಗೆ ಯಾರೂ ದಾರಿ ಮಾಡಲಿಲ್ಲ. ನಿಮ್ಮಮ್ಮ ಫೆಬ್ರವರಿಯಲ್ಲಿ ತೀರಿಕೊಂಡಾಗ ಪಟ್ಟಣದಿಂದ ಬಂದ ಶವದ ಗಾಡಿಯವರೇ ಅವರನ್ನು ಎತ್ತಿಕೊಂಡು ಹೋದರು. ಹಿಮ ಕರಗಿದ ಮೇಲೆ ನೀನು ಒಂದು ಚೀಲ ಹಿಡಿದು, ಸೆನ್ಸೈ ಕೊರೆಸಿದ ಸುರಂಗದೊಳಗೆ ನಡೆದುಕೊಂಡು ಹೋದೆ. ನಾನು ಹೊಲದಿಂದ ನೋಡಿದೆ. ಹಗಲು ಹೊತ್ತು, ಬಿಸಿಲಿತ್ತು, ನೀನು ಚಿಕ್ಕವಳಾಗುತ್ತಾ ಆಗುತ್ತಾ ಕತ್ತಲಲ್ಲಿ ಕರಗಿದೆ.

ಈಗ ಈ ತಿಂಗಳಿನ ಸಂಗತಿಗೆ ಬರುತ್ತೇನೆ, ಕಾಗದ ಬರೆಯಲು ಕೂತದ್ದೇ ಅದಕ್ಕೆ. ಸೆನ್ಸೈ ಮೊಮ್ಮಗ ಚುನಾವಣೆಗೆ ನಿಂತಿದ್ದಾನೆ. ಮುದುಕರು ಕೂಡುವ ಕೇಂದ್ರಕ್ಕೆ ಪಟ್ಟಣದ ಕಚೇರಿಯಿಂದ ಒಬ್ಬ ಗುಮಾಸ್ತರು ಬಂದು, ಮತ ಹಾಕುವುದು ಹೇಗೆಂದು ಮಾದರಿ ಚೀಟಿ ಹಿಡಿದು ಹೇಳಿಕೊಟ್ಟರು.

“ನೋಡಿ ಅಜ್ಜಿಯಂದಿರೇ, ಹೆಸರು ಮಾತ್ರ ಬರೀಬೇಕು. ಗೆದ್ದು ಬನ್ನಿ ಅಂತ ಬರೆದ್ರೂ, ಹೂವಿನ ಚಿತ್ರ ಬಿಡಿಸಿದ್ರೂ ಆ ಮತ ಅಸಿಂಧು.”

ಎಲ್ಲರೂ ನಕ್ಕರು. ನನಗೆ ಕಿವಿಯಲ್ಲಿ ನೀರು ಹೊಕ್ಕ ಹಾಗಾಯಿತು.

“ಪ್ರೀತಿಯಿಂದ ಬರೆದ್ರೂನಾ?” ಎಂದು ಕೇಳಿದೆ.

“ಕಾನೂನಿಗೆ ಪ್ರೀತಿ ಗೀತಿ ಗೊತ್ತಾಗಲ್ಲ ಅಜ್ಜಿ.”

“ಇದು ಹೊಸ ಕಾನೂನಾ?”

“ಏ ಇಲ್ಲ, ನೀವು ಹುಡುಗಿಯಾಗಿದ್ದಾಗಲೂ ಹಿಂಗೇ ಇತ್ತು.”

ಕಿನು, ಆ ಚುನಾವಣೆಯ ದಿನ ನಾನು ಮರೆಯ ಹಲಗೆಯ ಹಿಂದೆ ನಿಂತು ಪೆನ್ಸಿಲ್ ಹಿಡಿದಾಗ ಕಣ್ಣಲ್ಲಿ ನೀರು ತುಂಬಿತ್ತು. ಕೋರ್ಟಿನ ಮುಂದೆ ತಲೆ ತಗ್ಗಿಸಿ ನಿಂತ ಸೆನ್ಸೈ ಫೋಟೊ ನೋಡಿದ್ದೆನಲ್ಲ. ಅವರ ಹೆಸರು ಬರೆದು, ಕೆಳಗೆ ಚಿಕ್ಕದಾಗಿ ಬರೆದೆ: ‘ಮಿನೊಸೆ ನಿಮ್ಮನ್ನು ನಂಬಿದೆ. ಮೈ ಹುಷಾರು.’ ಚೀಟಿಯನ್ನು ಅವರೇ ಕೈಯಾರೆ ತೆಗೆದು ಓದುತ್ತಾರೆ ಎಂಬಂತೆ ಮಡಚಿ ಹಾಕಿದೆ. ಅಸಿಂಧುವಾದದ್ದು ಒಂದೇ ಮತ, ಅದು ನನ್ನದು. ನೀನು ಹೇಳಿದ್ದು ನಿಜ. ಉಳಿದ ಇನ್ನೂರ ಹದಿಮೂರರಲ್ಲಿ ನಿನ್ನದೂ ಇತ್ತು.

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಇವಾಬುಚಿ ಅಕ್ಕನ ಮನೆಗೆ ಹೋದೆ. ಎಂಬತ್ತೆಂಟು ಅವಳಿಗೆ, ಈಗಲೂ ಘಟಕದ ಅಧ್ಯಕ್ಷೆ. ಘಟಕ ಎಂದರೆ ಉಳಿದಿರುವ ಏಳು ಜನ, ಎಲ್ಲರೂ ಅಲ್ಲೇ ಇದ್ದರು. ಎಲ್ಲವನ್ನೂ ಹೇಳಿದೆ. ಉಗಿಯುತ್ತಾರೆ, ಅಳುತ್ತಾರೆ, ನಿನಗೆ ಹೇಗೆ ಮುಖ ತೋರಿಸುವುದು ಎನ್ನುತ್ತಾರೆ ಎಂದುಕೊಂಡಿದ್ದೆ. ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು.

“ಅಯ್ಯೋ ತೊಮೆ! ಹಾಗಾದ್ರೆ ಆವತ್ತು ಪೂರ್ತಿ ಬಂದಿತ್ತು ಕಣೇ! ಇನ್ನೂರ ಹದಿನಾಲ್ಕೂ ಸೆನ್ಸೈದೇ!”

ಮುದುಕಿಯರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬಳು ಸೆನ್ಸೈ ಫೋಟೊ ಮುಂದೆ ದೀಪ ಹಚ್ಚಿ ಸುದ್ದಿ ಒಪ್ಪಿಸಿದಳು. ಎಲ್ಲರ ಕಣ್ಣಲ್ಲೂ ನೀರು, ಅಷ್ಟು ಸಂತೋಷ.

“ಮತ್ತೆ ಕಿನು?” ಎಂದೆ.

“ಅವಳದೇನು?”

“ಅವಳು ತಪ್ಪು ಮಾಡಿರಲಿಲ್ಲ ಅಲ್ವಾ?”

ಅಕ್ಕ ಟೀ ಬಗ್ಗಿಸುತ್ತಾ ಹೇಳಿದಳು: “ಮತ ಹಾಕಿರಬಹುದಪ್ಪ. ಆದ್ರೆ ಕೇಳಿದ್ದು ಕೇಳಿದ್ದೇ ತಾನೆ?”

ನೋಡು, ನನಗೆ ಕನಸು ಒಡೆದದ್ದು ಅಲ್ಲಿ. ಆ ಮತ ಒಂದು ನೆಪ. ಅದು ಸಿಗದಿದ್ದರೆ ನಿನ್ನ ಸೀನನ್ನಾದರೂ ಹಿಡಿಯುತ್ತಿದ್ದೆವು.

ಇಷ್ಟಕ್ಕೇ ಬಿಡಲಿಲ್ಲ. ಮೊಮ್ಮಗನ ಸಭೆಯಲ್ಲಿ ನಾನು ವೇದಿಕೆ ಹತ್ತಿ ‘ಪ್ರೀತಿಯ ಮತ’ದ ಕಥೆ ಹೇಳಬೇಕೆಂದು ದುಂಬಾಲು ಬಿದ್ದರು. ಒಪ್ಪಿಕೊಂಡೆ. ಕಳೆದ ಭಾನುವಾರ ಮೈಕು ಕೊಟ್ಟರು. ಚೀಟಿಯಲ್ಲಿ ಬರೆದ ಸಾಲು ಹೇಳಿದಾಗ ಸಭೆಯೆಲ್ಲ ಆಹಾ ಎಂದಿತು, ಮೊಮ್ಮಗ ಕರವಸ್ತ್ರ ತೆಗೆದ. ಆಮೇಲೆ ನಾನು ಹೇಳಿದೆ: “ಆ ಮತಕ್ಕಾಗಿ ನಾವು ಕಿನು ಎಂಬವಳನ್ನು ಊರು ಬಿಡಿಸಿದೆವು. ಅವಳು ನಿರಪರಾಧಿ. ಅವಳು ಕೇಳಿದ ಪ್ರಶ್ನೆಗೆ ಇವತ್ತಿನವರೆಗೂ ಯಾರೂ ಉತ್ತರ ಕೊಟ್ಟಿಲ್ಲ. ತಗೊಂಡಿದ್ದು ನಿಜಾನಾ?” ಯಾರೋ ಬಹಳ ಮೃದುವಾಗಿ ನನ್ನ ಕೈಯಿಂದ ಮೈಕು ತೆಗೆದುಕೊಂಡರು. “ಅಜ್ಜಿಗೆ ಆಯಾಸ ಆಗಿದೆ” ಎಂದರು. ಎಲ್ಲರೂ ಮುಗುಳ್ನಗುತ್ತಿದ್ದರು.

ಇವತ್ತು ಬೆಳಿಗ್ಗೆ ಸುತ್ತೋಲೆಯ ಹಲಗೆ ಪಕ್ಕದ ಮನೆಯಿಂದ ಆಚೆ ಮನೆಗೆ ಹೋಯಿತು, ನನ್ನ ಬೇಲಿಯ ಮುಂದೆಯೇ. ತೆರುಒ ಫೋನು ಮಾಡಿ, “ಏನಮ್ಮಾ ಇದು, ಈ ವಯಸ್ಸಲ್ಲಿ ನಿನಗಿದು ಬೇಕಿತ್ತಾ?” ಎಂದ. ಬೇಕಿತ್ತು ಎಂದೆ. ಇದನ್ನು ನಿನ್ನ ಕರುಣೆ ಗಿಟ್ಟಿಸಲು ಬರೆಯುತ್ತಿಲ್ಲ ಮಾರಾಯ್ತಿ. ನೀನು ಒಂದು ಚಳಿಗಾಲವಿಡೀ ಅನುಭವಿಸಿದ್ದರಲ್ಲಿ ನನಗೆ ಸಿಕ್ಕಿರುವುದು ಒಂದು ಬೆಳಿಗ್ಗೆ.

ನಿನ್ನ ಹೆಸರನ್ನು ಈ ಊರಲ್ಲಿ ತೊಳೆದುಕೊಡಬೇಕೆಂದು ಹೊರಟೆ, ಆಗಲಿಲ್ಲ. ಆದರೆ ಸಭೆಗೆ ಬಂದವರೆಲ್ಲ ಕೇಳಿಸಿಕೊಂಡಿದ್ದಾರೆ, ಇನ್ನು ಕೇಳಿಲ್ಲ ಎನ್ನಲಾರರು. ನಿನಗೆ ಮಂಡಿನೋವು ಬಾರದಿರಲಿ, ಹಲ್ಲು ಉಳಿದಿರಲಿ, ನಿನ್ನ ಊರಲ್ಲಿ ಹಿಮ ಬೀಳದಿರಲಿ. ಉತ್ತರ ಬರೆಯಲೇಬೇಕೆಂದೇನಿಲ್ಲ. ನಿನ್ನ ಬಾಳು ತಣ್ಣಗಿರಲಿ ಕಿನು.

ನಿನ್ನ,
ತೊಮೆ

ಮ.ವಿ: ಇದನ್ನು ಬರೆಯದೆಯೇ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನೀನು ಇದನ್ನು ಬಲ್ಲೆಯೋ ಇಲ್ಲವೋ ನನಗೆ ತಿಳಿಯದು. ಆ ಜನವರಿಯಲ್ಲಿ ಒಂದು ಮಧ್ಯಾಹ್ನ ನಿಮ್ಮಮ್ಮ ಸೊಂಟದವರೆಗಿನ ಹಿಮದಲ್ಲಿ ನಮ್ಮ ಮನೆಗೆ ಬಂದಿದ್ದರು. ನನ್ನ ತಾಯಿಗೆ ಹಾಲಿಲ್ಲದಾಗ ನಿನ್ನ ಪಾಲಿನದನ್ನು ನನಗೂ ಕೊಟ್ಟು ಸಾಕಿದವರು. ಬಾಗಿಲು ತಟ್ಟಿ, “ತೊಮೆ, ನೀನೊಂದು ಮಾತು ಹೇಳಿದ್ರೆ ಕೇಳ್ತಾರೆ ಕಣಮ್ಮಾ” ಎಂದರು. ನಾನು ಒಳಗೆ ಒಲೆಯ ಮುಂದೆ ಕೂತಿದ್ದೆ. ಕೂತಲ್ಲಿಂದಲೇ, ನನ್ನದೇ ದನಿಯಲ್ಲಿ, “ಮನೇಲಿ ಯಾರೂ ಇಲ್ಲ” ಎಂದೆ. ಹೊರಗೆ ಅವರು ಬಟ್ಟೆಗಂಟಿದ ಹಿಮ ಕೊಡವಿಕೊಂಡ ಸದ್ದು ಕೇಳಿತು. ಆಮೇಲೆ ಅವರು ಹೇಳಿದರು: “ಹೌದಾ? ಹಾಗಾದ್ರೆ ತೊಮೆ ಬಂದ ಮೇಲೆ ಹೇಳಿ, ಅಮ್ಮ ಬಂದಿದ್ರು ಅಂತ.”